ಕುಣಿಗಲ್ ಬೀಗರು

ನನ್ನ ಮೊಬೈಲು ಜಾಗ ಸಾಲದು, ಜಾಗ ಸಾಲದು ಎಂದು ದಿನಕ್ಕೆ ನಾಲ್ಕು ಸಲ ಗೋಳಿಡುತ್ತಿತ್ತು. ಹೋದ ಭಾನುವಾರ ಊಟವಾದ ಮೇಲೆ ನನ್ನ ಹೆಂಡತಿ ಗಿರಿಜ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಕನ್ನಡಕ ಏರಿಸಿ, ಬೇಡದ್ದನ್ನೆಲ್ಲ ಅಳಿಸಲು ಕೂತಳು. ಶುಭೋದಯದ ಗುಲಾಬಿಗಳು ಹೋದವು. ಯಾರ್‍ಯಾರದೋ ಗೃಹಪ್ರವೇಶದ ಪತ್ರಿಕೆಗಳು ಹೋದವು. ಆಮೇಲೆ ಹೆಸರುಗಳಿಗೆ ಕೈ ಹಾಕಿದಳು. ಯಾವುದೋ ಕಾಲದಲ್ಲಿ ನಲ್ಲಿ ರಿಪೇರಿಗೆ ಬಂದವನು, ಬಸ್ಸಿನಲ್ಲಿ ಪಕ್ಕ ಕೂತು ನಂಬರು ಕೊಟ್ಟವನು, ಯಾರೆಂದು ನನಗೇ ತಿಳಿಯದ ಇಬ್ಬರು ಮಂಜುನಾಥರು, ಎಲ್ಲರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಒಂದು ಹೆಸರಿಗೆ ಬಂದಾಗ ಅವಳ ಬೆರಳು ನಿಂತಿತು.

"ರೀ, ಕುಣಿಗಲ್ ಬೀಗರು ಅಂತ ಐತಲ್ಲ, ಯಾರಿದು? ನಮಗೆ ಕುಣಿಗಲ್‌ನಲ್ಲಿ ಯಾವ ಬೀಗರವ್ರೆ?"

ನಾನು ಉತ್ತರ ಕೊಡುವಷ್ಟರಲ್ಲಿ ಅವಳಿಗೇ ನೆನಪಾಯಿತು. ಅದನ್ನು ಅಳಿಸದೆ ಮುಂದಿನ ಹೆಸರಿಗೆ ಹೋದಳು.

ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಅವರು ನಾಯಿಯ ಕಡೆಯ ಬೀಗರು. ಅದೂ ಕೈಗೂಡದೆ ಹೋದ ಬೀಗತನ. ಶಿರಾ ಗೇಟಿನ ಹತ್ತಿರ ಸೈಕಲ್ ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟುಕೊಂಡಿರುವ, ಐವತ್ತು ದಾಟಿದ, ಮಂಡಿ ಹಿಡಿದುಕೊಂಡು ಏಳುವ ನಾನು ನಾಯಿಗೆ ಗಂಡು ಹುಡುಕಿಕೊಂಡು ತಿರುಗಿದೆನೆಂದರೆ ನೀವು ನಗುತ್ತೀರಿ. ನಗಿ. ನಮ್ಮ ಬೀದಿಯವರು ನಕ್ಕು ಮುಗಿಸಿದ್ದಾರೆ.

ನಾಯಿ ನನ್ನದಲ್ಲ, ಗುಬ್ಬಿಯಲ್ಲಿರುವ ನಮ್ಮಕ್ಕನದು. ಅಕ್ಕನದೂ ಅಲ್ಲ, ತೀರಿಹೋದ ನಮ್ಮ ಭಾವನದು. ಭಾವ ತೆಂಗಿನಕಾಯಿ ಮಂಡಿಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದರು. ಮಾತು ಕಡಿಮೆ. ಮಕ್ಕಳಿಬ್ಬರೂ ಮದುವೆಯಾಗಿ ಅವರವರ ಸಂಸಾರದಲ್ಲಿ ಮುಳುಗಿದ ಮೇಲೆ, ಒಂದು ಸಂಜೆ ಗೋಣಿಚೀಲದಲ್ಲಿ ಒಂದು ಬಿಳಿ ಪಮೇರಿಯನ್ ಮರಿ ಇಟ್ಟುಕೊಂಡು ಬಂದರು. ನಾಯಿ ಮನೆಯೊಳಗೆ ಬಂದರೆ ನಾನು ಹೊರಗೆ ಎಂದು ಅಕ್ಕ ಎರಡು ದಿನ ಹಾರಾಡಿದಳು. ಮೂರನೆಯ ದಿನ ಅವಳೇ ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟಳು. ಭಾವ ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಬೆಳ್ಳಿ ಒಂದು ಮಾರು ದೂರದಲ್ಲಿ ಮುಂಗಾಲು ಚಾಚಿ ಸುಮ್ಮನೆ ಕೂತಿರುತ್ತಿತ್ತು. ಪೂಜೆ ಮುಗಿದ ಮೇಲೆ ಅವರು ತಮ್ಮ ಹಣೆಗೆ ಹಚ್ಚಿಕೊಂಡು ಉಳಿದ ವಿಭೂತಿಯನ್ನು ಅದರ ಹಣೆಗೂ ಎಳೆಯುತ್ತಿದ್ದರು. ಬಿಳಿ ಹಣೆಯ ಮೇಲೆ ಬಿಳಿ ವಿಭೂತಿ, ಕಾಣುತ್ತಲೇ ಇರಲಿಲ್ಲ. ಮಧ್ಯಾಹ್ನ ಮುದ್ದೆಯ ಮೊದಲ ತುತ್ತನ್ನು ಮಜ್ಜಿಗೆಯಲ್ಲಿ ಕಿವುಚಿ ಅದಕ್ಕಿಟ್ಟೇ ತಾವು ಉಣ್ಣುತ್ತಿದ್ದರು.

ಭಾವ ಎರಡು ವರ್ಷದ ಹಿಂದೆ ಹೋದರು. ಎದೆ ಹಿಡಿದುಕೊಂಡಿತು ಎಂದರು, ಮಂಡಿಯಲ್ಲೇ ಕುಸಿದರು, ಅಷ್ಟೆ. ಆಮೇಲೆ ಬೆಳ್ಳಿಗೆ ವಿಭೂತಿ ಹಚ್ಚುವ ಕೆಲಸ ಅಕ್ಕನಿಗೆ ಬಂತು. ವರ್ಷದ ಕಾರ್ಯ ಮುಗಿದ ಮಾರನೆಯ ದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು, ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ ಮೆಲ್ಲಗೆ ಹೇಳಿದಳು: "ಬೆಳ್ಳಿಗೆ ಆರು ವರ್ಷ ಆಯ್ತು ಕಣೋ ಕುಮಾರ. ಅವರು ಕೈಯಾರೆ ಅನ್ನ ಇಟ್ಟ ಜೀವ ಇದು. ಇದೂ ಹೋದ್ರೆ ನಂಗೇನೂ ಉಳಿಯಲ್ಲ. ಇದ್ರದ್ದೊಂದು ಮರಿ ಮಾಡಿಸಿಕೊಡೋ."

ಅಷ್ಟೇ ಅವಳು ಕೇಳಿದ್ದು, ಒಂದು ಮರಿ. ಇಷ್ಟು ವರ್ಷದಲ್ಲಿ ಅಕ್ಕ ನನ್ನನ್ನು ಏನೂ ಕೇಳಿದವಳಲ್ಲ. ನಾನು ಎದೆ ಉಬ್ಬಿಸಿ ಒಪ್ಪಿಕೊಂಡೆ. ನಾಯಿಗಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ, ಬೀದಿಬೀದಿಯಲ್ಲಿ ನಡೆಯುವ ವಿಷಯ, ಇದರಲ್ಲಿ ಏನು ಮಹಾ ಎಂದುಕೊಂಡಿದ್ದೆ.

ನನ್ನ ಅಂಗಡಿಯ ಪಕ್ಕದ ಜೆರಾಕ್ಸ್ ಅಂಗಡಿಯವನ ಮನೆಯಲ್ಲಿ ರಾಕಿ ಎಂಬ ಪಮೇರಿಯನ್ ಗಂಡಿತ್ತು. ಅವನು ಖುಷಿಯಾಗಿ ಒಪ್ಪಿದ. ಹೆಣ್ಣನ್ನು ತುಮಕೂರಿಗೆ ಕರೆತನ್ನಿ ಎಂದ. ಅಕ್ಕನಿಗೆ ಹೇಳಿದರೆ ಸಿಡಿದುಬಿದ್ದಳು. ಗಂಡು ಹೆಣ್ಣಿನ ಮನೆಗೆ ಬರುವುದು ಪದ್ಧತಿ, ಹೆಣ್ಣನ್ನು ಗಂಡಿನ ಮನೆ ಬಾಗಿಲಿಗೆ ಹೊತ್ತುಕೊಂಡು ಹೋಗುವವರು ನಾವಲ್ಲ ಎಂದಳು. ನಾಯಿಗೂ ಅದೇ ಪದ್ಧತಿಯೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೇಳದಿದ್ದುದು ಹಾಳಾಗಲಿ, ಅವಳು ಹೇಳಿದ್ದೇ ಸರಿ ಅನ್ನಿಸಿತು. ನಮ್ಮ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಹಾಗೆಯೇ ಅನ್ನಿಸುವುದು.

ಬೆಳ್ಳಿ ಬೆದೆಗೆ ಬಂತು. ಶುರುವಾದ ಹತ್ತನೆಯ ದಿನದಿಂದ ನಾಲ್ಕು ದಿನ ಒಳ್ಳೆಯ ಸಮಯ ಎಂದು ಪಶು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಹತ್ತನೆಯ ದಿನ ಮಂಗಳವಾರ, ಅಕ್ಕ ಬೇಡ ಅಂದಳು. ಬುಧವಾರ ಅಮಾವಾಸ್ಯೆ, ನಾನೇ ಬೇಡ ಅಂದೆ. ಗುರುವಾರ ಪಾಡ್ಯ, ಇಬ್ಬರೂ ಸೇರಿ ಬೇಡ ಅಂದೆವು. ಶುಕ್ರವಾರ ಬೆಳಿಗ್ಗೆ ರಾಹುಕಾಲ ಕಳೆಯಲಿ ಎಂದು ಕಾದು, ಹನ್ನೆರಡೂವರೆಗೆ ನಾನು ರಾಕಿಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರಿಸಿಕೊಂಡು ಗುಬ್ಬಿಯ ಮನೆ ಮುಂದೆ ಇಳಿದೆ.

ಅಕ್ಕ ಬೆಳ್ಳಿಗೆ ಶಾಂಪೂ ಹಾಕಿ ಸ್ನಾನ ಮಾಡಿಸಿ, ಕೂದಲು ಬಾಚಿ, ಕತ್ತಿಗೆ ಕೆಂಪು ರಿಬ್ಬನ್ ಕಟ್ಟಿದ್ದಳು. ನೆರೆಮನೆಯ ಹೆಂಗಸರು ಬಂದು ಗೋಡೆಗೊರಗಿ ನಿಂತಿದ್ದರು. ಒಬ್ಬರು ಕುರ್ಚಿಯನ್ನೇ ತಂದಿದ್ದರು. ರಾಕಿ ಮನೆಯೊಳಗೆ ಕಾಲಿಟ್ಟವನೇ ಮಂಚದ ನಾಲ್ಕು ಕಾಲಿಗೂ ಉಚ್ಚೆ ಹೊಯ್ದು, ಭಾವನ ಹಳೆಯ ಬೈಕಿನ ಕೆಳಗೆ ನುಗ್ಗಿ ಕೂತುಬಿಟ್ಟ. ಬೆಳ್ಳಿ ಹೋಗಿ ಮೂಸಿತು, ಬಾಲ ಪಕ್ಕಕ್ಕೆ ಸರಿಸಿ ನಿಂತಿತು. ಅವನು ಗಡಗಡ ನಡುಗಿದ. ನಾನು ಹೋಗಲೋ ಹೋಗಲೋ ಎಂದು ಅಂಗಲಾಚುತ್ತಿದ್ದೆ. ಕುರ್ಚಿಯ ಹೆಂಗಸು ಗಂಡು ಬಲು ನಾಚಿಕೆಯವನು ಎಂದರು. ಮೂರು ಗಂಟೆ ಕಾದು, ಮಾಡಿದ್ದ ಉಪ್ಪಿಟ್ಟನ್ನು ನಾನೂ ರಾಕಿಯೂ ತಿಂದು ವಾಪಸ್ ಹೊರಟೆವು. ಮಾರನೆಯ ದಿನದಿಂದ ಬೆಳ್ಳಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆ ಸಲದ ಗಡುವು ಮುಗಿಯಿತು.

ಇನ್ನು ಆರು ತಿಂಗಳು ಕಾಯಬೇಕು. ಮುಂದಿನದೇ ಕೊನೆಯದು, ಆಮೇಲೆ ವಯಸ್ಸಾದ ಜೀವಕ್ಕೆ ಹೆರಿಗೆಯ ಕಷ್ಟ ಕೊಡಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಕ್ಕ ದಿನ ಎಣಿಸತೊಡಗಿದಳು. ಅಷ್ಟರಲ್ಲಿ ನನ್ನ ಗಿರಾಕಿಯೊಬ್ಬ ಕುಣಿಗಲ್‌ನ ಬಾಷಾ ಸಾಬರ ನಂಬರು ಕೊಟ್ಟ. ಅವರು ಆಯುಷ್ಯವೆಲ್ಲ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಂಡಿದ್ದು, ಈಗ ಮನೆಯಲ್ಲಿ ಶೇರು ಎಂಬ ಪಮೇರಿಯನ್ ಸಾಕಿಕೊಂಡಿರುವವರು. ಫೋನಿನಲ್ಲಿ ನಮ್ಮ ಕಥೆ ಕೇಳಿ ಅವರು ಎರಡು ಮೂರು ಸಲ ಕೆಮ್ಮಿದರು. ನಗು ತಡೆದುಕೊಳ್ಳುತ್ತಿದ್ದರೆಂದು ಈಗ ಅನ್ನಿಸುತ್ತದೆ. ಶಾಂಪೂ ಹಾಕಿ ವಾಸನೆಯನ್ನೇ ತೊಳೆದುಬಿಟ್ಟರೆ ಗಂಡಿಗೆ ತಿಳಿಯುವುದು ಹೇಗೆ ಎಂದು ಕೇಳಿದರು. ಗಂಡು ತನ್ನ ಜಾಗದಲ್ಲಿದ್ದರೇ ಗಂಡು, ಪರಸ್ಥಳದಲ್ಲಿ ಅವನಿಗೆ ಹೆದರಿಕೆ, ಕುದುರೆಯಾದರೂ ಅಷ್ಟೆ ನಾಯಿಯಾದರೂ ಅಷ್ಟೆ, ಹೆಣ್ಣನ್ನೇ ಕರೆತರಬೇಕು ಎಂದು ತಿಳಿಸಿ ಹೇಳಿದರು. ಆ ದಿನವೇ ನಾನು ಅವರ ಹೆಸರನ್ನು ಕುಣಿಗಲ್ ಬೀಗರು ಎಂದು ಬರೆದುಕೊಂಡದ್ದು.

ಅಕ್ಕನಿಗೆ ಹೇಳಿದೆ. ಕುಣಿಗಲ್ ಎಂದ ಕೂಡಲೇ ಅವಳ ಮುಖ ಬಿಗಿಯಿತು. ಆಗಲ್ಲ ಅಂದಳು. ನಾನು ದಿನಾ ಫೋನ್ ಮಾಡಿ ಜಗಳ ಆಡಿದೆ. ಇದು ನಾಯಿ, ಮನುಷ್ಯರಲ್ಲ ಎಂದೆ. ನಿನಗೆ ಮರಿ ಬೇಕೋ ಬೇಡವೋ ಎಂದು ಕೂಗಾಡಿದೆ. ಅವಳು ಒಂದೇ ಮಾತು ಹೇಳಿದಳು. "ನಮ್ಮನೆ ಹೆಣ್ಣನ್ನ ಕುಣಿಗಲ್‌ಗೆ ತೋರ್ಸಕ್ಕೆ ಕರ್ಕೊಂಡು ಹೋಗಲ್ಲ." ಫೋನ್ ಇಟ್ಟ ಮೇಲೆ ನನಗೆ ಹೊಳೆಯಿತು. ಹೊಳೆದದ್ದೇ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ನಾನು ಅದನ್ನು ಮರೆತೇಬಿಟ್ಟಿದ್ದೆನಲ್ಲ.

ಆಗ ನಾವು ಹೆಬ್ಬೂರಿನಲ್ಲಿದ್ದೆವು. ನನಗೆ ಎಂಟು ವರ್ಷ, ಅಕ್ಕನಿಗೆ ಹದಿನೆಂಟು. ಕುಣಿಗಲ್‌ನಿಂದ ಒಂದು ಸಂಬಂಧ ಬಂದಿತ್ತು. ಗಂಡಿನ ತಾಯಿಗೆ ಮಂಡಿನೋವು, ಪ್ರಯಾಣ ಆಗದು, ನೀವೇ ದೇವಸ್ಥಾನಕ್ಕೆ ಬಂದವರ ಹಾಗೆ ಬಂದು ಹೋಗಿ ಎಂದು ಮಧ್ಯಸ್ಥಗಾರ ಹೇಳಿದ. ಅಮ್ಮ ಬೇಡ ಎಂದಳು. ಅಪ್ಪ ಕೇಳಲಿಲ್ಲ. ಮನೆಯಲ್ಲಿ ಬಿಟ್ಟರೆ ಊರೆಲ್ಲ ಹೇಳಿಕೊಂಡು ಬರುತ್ತಾನೆ ಎಂದು ನನ್ನನ್ನೂ ಬಸ್ಸು ಹತ್ತಿಸಿದರು. ಅಕ್ಕ ಯಾರಿಂದಲೋ ಎರವಲು ತಂದ ಮಾವಿನಹಣ್ಣಿನ ಬಣ್ಣದ ಸೀರೆ ಉಟ್ಟಿದ್ದಳು. ಕುಣಿಗಲ್‌ನ ಆ ಮನೆಯ ಹಜಾರದಲ್ಲಿ ಅವಳನ್ನು ಈ ಗೋಡೆಯಿಂದ ಆ ಗೋಡೆಗೆ ನಡೆಸಿದರು. ಪೇಪರು ಕೊಟ್ಟು ಓದಿಸಿದರು. ಚೌರಿ ಸೇರಿಸಿರಬಹುದು ಎಂದು ಒಬ್ಬ ಅತ್ತೆ ಅವಳ ಜಡೆ ಬಿಚ್ಚಿ ಕೂದಲು ಎಳೆದು ನೋಡಿದರು. ಮಂಡಿನೋವಿನ ಆ ತಾಯಿ ಮೂರು ಸಲ ಎದ್ದು ಮಹಡಿ ಹತ್ತಿ ಇಳಿದದ್ದನ್ನು ನಾನು ನೋಡಿದೆ. ಹೊರಡುವಾಗ ಬಾಗಿಲಲ್ಲಿ ನಿಂತು ಆಕೆ ಅಂದದ್ದು ಒಂದೇ ಮಾತು, ತಿಳಿಸ್ತೀವಿ.

ಅಂದಿನಿಂದ ನಾನು ದಿನಾ ಸ್ಕೂಲು ಬಿಟ್ಟವನೇ ಅಂಚೆಯವನಿಗಾಗಿ ಬೀದಿ ತಿರುವಿನಲ್ಲಿ ಕಾಯತೊಡಗಿದೆ. ಯಾರೂ ಹೇಳಿರಲಿಲ್ಲ, ನಾನೇ ವಹಿಸಿಕೊಂಡ ಕೆಲಸ. ಅವನು ತಲೆಯಾಡಿಸಿ ಹೋದ ಮೇಲೆ ಅಲ್ಲಿಂದಲೇ ಗಂಟಲು ಹರಿಯುವಂತೆ ಕೂಗುತ್ತಿದ್ದೆ, ಅಕ್ಕಾ, ಕುಣಿಗಲ್ ಕಾಗದ ಇವತ್ತೂ ಬರಲಿಲ್ಲ! ಮೂರು ತಿಂಗಳು ಕೂಗಿದೆ. ಹೆಬ್ಬೂರಿನಲ್ಲಿ ಆ ಸಂಬಂಧದ ಸುದ್ದಿ ತಿಳಿಯದವರು ಯಾರೂ ಉಳಿಯಲಿಲ್ಲ. ಕಾಗದ ಬರಲೇ ಇಲ್ಲ. ಮರುವರ್ಷ ಗುಬ್ಬಿಯಿಂದ ಭಾವ ತಾವೇ ಬಂದರು. ನಡೆಸಲಿಲ್ಲ, ಓದಿಸಲಿಲ್ಲ. ಅಕ್ಕನನ್ನು ಊಟ ಆಯಿತಾ ಎಂದು ಮಾತ್ರ ಕೇಳಿದರು.

ಇಷ್ಟು ನೆನಪಾದ ಮೇಲೆ ನಾನು ಮತ್ತೆ ಕುಣಿಗಲ್ ಹೆಸರೆತ್ತಲಿಲ್ಲ. ತಿಂಗಳುಗಳು ಕಳೆದು ಬೆಳ್ಳಿ ಮತ್ತೆ ಬೆದೆಗೆ ಬಂತು. ಏಳನೆಯ ದಿನ ಅಕ್ಕನೇ ಫೋನ್ ಮಾಡಿದಳು. ಸ್ನಾನ ಮಾಡಿಸಿಲ್ಲ, ರಿಬ್ಬನ್ ಕಟ್ಟಿಲ್ಲ, ವಾರ ತಿಥಿ ಏನೂ ನೋಡುವುದು ಬೇಡ, ಕಾರು ಗೊತ್ತು ಮಾಡು, ನಾನೂ ಬರುತ್ತೇನೆ ಎಂದಳು. ಅವಳು ಮರಿಗಾಗಿ ಏನನ್ನು ನುಂಗಿಕೊಂಡು ಆ ಮಾತು ಹೇಳಿದಳೆಂದು ನನಗೆ ಗೊತ್ತಿತ್ತು.

ಹತ್ತನೆಯ ದಿನ ಹೊರಟೆವು. ದಾರಿಯಲ್ಲಿ ಹೆಬ್ಬೂರು ಬಂದಾಗ ಇಬ್ಬರೂ ಬೇರೆ ಬೇರೆ ಕಿಟಕಿ ನೋಡುತ್ತಾ ಕೂತೆವು. ಬಾಷಾ ಸಾಬರ ಮನೆಯಲ್ಲಿ ಅಕ್ಕನಿಗೆ ಕುರ್ಚಿ ಹಾಕಿ ನೀರು ತಂದರು. ಅವಳು ನೀರನ್ನೂ ಮುಟ್ಟಲಿಲ್ಲ. ಶೇರು ಒಳ್ಳೆಯ ಹುಡುಗ, ಅಂಗಳದಲ್ಲಿ ಬೆಳ್ಳಿಯ ಸುತ್ತ ಕುಣಿದ, ಅದರ ಕಿವಿ ನೆಕ್ಕಿದ. ಈ ಸಲ ಆಗದು ಎಂದದ್ದು ಬೆಳ್ಳಿ. ಶೇರು ಹತ್ತಿರ ಬಂದಾಗಲೆಲ್ಲ ನೆಲಕ್ಕೆ ಕುಂಡೆ ಊರಿ ಕೂತುಬಿಡುತ್ತಿತ್ತು. ಜಾಸ್ತಿ ಆದರೆ ಗುರ್ ಎಂದು ಹಲ್ಲು ತೋರಿಸಿ, ಓಡಿ ಬಂದು ಅಕ್ಕನ ಸೀರೆಯ ನಿರಿಗೆಯೊಳಗೆ ಮುಖ ಹುದುಗಿಸುತ್ತಿತ್ತು. ಎರಡು ಗಂಟೆ ಹೀಗೇ ನಡೆಯಿತು. ನಡುವೆ ನಾನು ಒಳಗೆ ಟೀ ಕುಡಿಯಲು ಹೋದೆ, ಅಕ್ಕ ಹಿತ್ತಲಿಗೆ ಕಾಲು ತೊಳೆಯಲು ಹೋದಳು, ಹತ್ತು ನಿಮಿಷ ಅವೆರಡೇ ಇದ್ದವು. ಬಂದು ನೋಡಿದರೆ ಅದೇ ಕಥೆ.

ಕೊನೆಗೆ ಬಾಷಾ ಸಾಬರು ಸಂಕೋಚದಿಂದ ಒಂದು ದಾರಿ ಹೇಳಿದರು. "ಬಾಯಿಗೆ ಬಟ್ಟೆ ಕಟ್ಟಿ, ಒಬ್ರು ತಲೆ ಹಿಡ್ಕೊಂಡ್ರೆ ಆಗ್ತದೆ ಅಮ್ಮಾ. ಫಾರಂನಲ್ಲಿ ಕುದುರೆಗೂ ಕಾಲು ಕಟ್ಟಿ ಮಾಡಿಸ್ತಿದ್ವಿ. ಐದು ನಿಮಿಷ ಕಷ್ಟ, ಆಮೇಲೆ ಮರಿ ಗ್ಯಾರಂಟಿ."

ನಾನು ಅಕ್ಕನ ಮುಖ ನೋಡಿದೆ. ಹೂಂ ಅಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವಳು ಬಗ್ಗಿ ಬೆಳ್ಳಿಯನ್ನು ಎತ್ತಿಕೊಂಡಳು. ಅದರ ಎದೆ ಡವಡವ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. "ಕಟ್ಟಿ ಹಿಡಿದು ಬೇಡ ಸಾಬ್ರೇ. ಅವ್ಳಿಗೆ ಬೇಡ ಅಂದ್ರೆ ಬೇಡ. ಕುಮಾರ, ನಡಿ." ಬಾಗಿಲು ದಾಟುವಾಗ ತಿರುಗಿ ನಿಂತು, ತುಟಿಯಂಚಿನಲ್ಲಿ ಸಣ್ಣಗೆ ನಗುತ್ತಾ ಹೇಳಿದಳು. "ತಿಳಿಸ್ತೀವಿ."

ಕಾರಿನಲ್ಲಿ ಅಕ್ಕ ಬಹಳ ದೂರದವರೆಗೆ ಒಬ್ಬಳೇ ನಗುತ್ತಿದ್ದಳು. ಕುಣಿಗಲ್‌ನಲ್ಲಿ ನಿಂತು ಆ ಮಾತು ಹೇಳಲು ಅವಳು ನಲವತ್ತು ವರ್ಷ ದಾಟಿ ಕಾದಿದ್ದಳಲ್ಲ. ಮರಿ ಕೈಬಿಟ್ಟು ಹೋದದ್ದರ ದುಃಖದಲ್ಲೂ ನನಗೆ ನಗು ಬಂತು.

ಒಂದು ತಿಂಗಳ ಮೇಲೆ ಬೆಳ್ಳಿಯ ಹೊಟ್ಟೆ ಊದಿಕೊಂಡಿತು. ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು, ಆ ಹತ್ತು ನಿಮಿಷದಲ್ಲಿ ಏನಾದರೂ ಆಗಿರಬಹುದೇನೋ ಎಂದು. ಆಗಿರಬಹುದು ಎಂದೆ. ಇಬ್ಬರಿಗೂ ಆಸೆ. ನಾನು ಗುಬ್ಬಿಗೆ ಹೋದಾಗ ಅಕ್ಕ ಭಾವನ ಹಳೆಯ ಪಂಚೆ ಮಡಿಸಿ ಪೂಜೆಯ ಜಾಗದ ಪಕ್ಕದಲ್ಲಿ ಮೆತ್ತಗೆ ಹಾಸಿದ್ದಳು. ಬೆಳ್ಳಿ ಊಟ ಬಿಟ್ಟಿತ್ತು, ಬಟ್ಟಲು ಬಟ್ಟಲು ನೀರು ಕುಡಿಯುತ್ತಿತ್ತು. ಬಸುರಿಗೆ ಬಾಯಾರಿಕೆ ಎಂದು ಅಕ್ಕ ಹೇಳಿದಳು, ನಾನೂ ನಂಬಿದೆ. ಮೂರು ದಿನ ನಂಬಿಕೊಂಡು ಕೂತೆವು. ನಾಲ್ಕನೆಯ ದಿನ ಅದು ಏಳಲಿಲ್ಲ. ತುಮಕೂರಿಗೆ ತಂದು ತೋರಿಸಿದಾಗ ಡಾಕ್ಟರು ಹೊಟ್ಟೆಯ ಚಿತ್ರ ತೆಗೆದು ನೋಡಿ, ಮರಿಗಳಿಲ್ಲ, ಗರ್ಭಕೋಶದ ತುಂಬ ಕೀವು ಎಂದರು. ಮರಿ ಹಾಕದೆ ವಯಸ್ಸಾದ ಹೆಣ್ಣುನಾಯಿಗಳಿಗೆ ಹೀಗಾಗುವುದುಂಟಂತೆ. ಆಪರೇಷನ್ ಮಾಡಿದರು. ಬೆಳ್ಳಿಗೆ ಎಚ್ಚರವಾಗಲೇ ಇಲ್ಲ.

ಗುಬ್ಬಿಯ ಮನೆಯ ಹಿಂದೆ ತೆಂಗಿನ ಬುಡದಲ್ಲಿ ಗುಣಿ ತೋಡಿಸಿದೆವು. ಅದೇ ಪಂಚೆಯಲ್ಲಿ ಸುತ್ತಿ, ಹಣೆಗೆ ವಿಭೂತಿ ಹಚ್ಚಿ ಅಕ್ಕನೇ ಇಳಿಸಿದಳು. ಅಳಲಿಲ್ಲ. ನಾನು ಅತ್ತೆ. ಆ ಮೂರು ದಿನ ಸುಮ್ಮನೆ ಕೂರದಿದ್ದರೆ ಎಂದು ಈಗಲೂ ಕೊರಗುತ್ತೇನೆ.

ಅದಾಗಿ ಮೂರು ವಾರಕ್ಕೆ ಅಂಗಡಿಯಲ್ಲಿದ್ದಾಗ ಫೋನು ಬಂತು, ಕುಣಿಗಲ್ ಬೀಗರು. "ಸಾರ್, ಅಮ್ಮ ತಿಳಿಸ್ತೀವಿ ಅಂದಿದ್ರು, ಏನೂ ತಿಳಿಸ್ಲೇ ಇಲ್ಲ. ನಾನೂ ನಮ್ಮನೆಯವ್ಳೂ ದಿನಾ ಕಾಯ್ತಾ ಇದೀವಿ. ನೀವು ಟೀ ಕುಡೀವಾಗ ಏನಾದ್ರೂ ಆಗಿದ್ರೆ, ಈಗ ಮರಿ ಆಗೋ ಟೈಮು. ಆದ್ವಾ ಸಾರ್?" ನನ್ನ ಬಾಯಿಂದ ಸತ್ಯ ಹೊರಡಲಿಲ್ಲ. ಅಕ್ಕನನ್ನು ಕೇಳಿ ತಿಳಿಸ್ತೀನಿ ಎಂದು ಇಟ್ಟುಬಿಟ್ಟೆ. ನಾನೂ ಅದೇ ಮಾತು ಹೇಳಿದೆ ನೋಡಿ.

ಸಂಜೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ. "ಕಾಯ್ತಾ ಕೂತಿದ್ರೇನೋ ಅವ್ರು? ನಾನು ತಮಾಷೆಗೆ ಅಂದಿದ್ದು ಕಣೋ," ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಭಾವ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಗುಬ್ಬಿಯಿಂದ ಬಂದು ನನ್ನನ್ನು ಹೊರಡಿಸಿದಳು. ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಕೇಳಿದ್ದಕ್ಕೆ ನನ್ನ ಅಂಗಿ ತಂದು ಕೈಗಿಟ್ಟಳು. ಕುಣಿಗಲ್ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹೋದೆವು. ಬಾಗಿಲಲ್ಲೇ ನಿಂತು ಅಕ್ಕ ಎಲ್ಲವನ್ನೂ ಹೇಳಿದಳು. ಬಾಷಾ ಸಾಬರ ಹೆಂಡತಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಶೇರು ಅಕ್ಕನ ಸೀರೆ ಮೂಸಿ, ಆಟೋದವರೆಗೆ ಓಡಿ, ಒಳಗೆಲ್ಲ ಮೂಸಿ ಹುಡುಕಿ, ಗೇಟಿನ ಹತ್ತಿರ ಬಂದು ಕೂತ. ಶೇರುವಿಗೆ ಬೇರೆ ಹೆಣ್ಣಿನಲ್ಲಿ ಹುಟ್ಟಿದ ಮರಿಯೊಂದನ್ನು ಕೊಡುತ್ತೇನೆ ಎಂದರು ಸಾಬರು. ಅಕ್ಕ ತಲೆಯಾಡಿಸಿದಳು. ನಮ್ಮ ಯಜಮಾನರು ಅನ್ನ ಇಟ್ಟದ್ದು ಬೆಳ್ಳಿಗೆ, ಬೇರೆಯದನ್ನು ಕಟ್ಟಿಕೊಂಡು ಏನು ಮಾಡಲಿ ಎಂದಳು. ಕೊಟ್ಟ ಟೀಯನ್ನು ಮಾತ್ರ ಪೂರ್ತಿ ಕುಡಿದಳು. ಹೊರಗೆ ಎಲ್ಲೂ ಟೀ ಮುಟ್ಟುವವಳಲ್ಲ ನಮ್ಮಕ್ಕ.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಹೆಬ್ಬೂರು ಹತ್ತಿರವಾದಾಗ ಬಾಯಿ ಬಿಟ್ಟಳು.

"ಮರಿ ಸಿಗಲಿಲ್ಲ. ಹೋಗ್ಲಿ ಬುಡು. ಹೇಳಿ ಬಂದ್ವಲ್ಲ." ಕಿಟಕಿಯ ಹೊರಗೆ ನೋಡುತ್ತಲೇ ಮುಂದುವರಿಸಿದಳು. "ಚಿಕ್ಕವನಿದ್ದಾಗ ನೀನು ದಿನಾ ರೋಡಲ್ಲಿ ನಿಂತು ಕಾಗದ ಬರಲಿಲ್ಲ ಅಂತ ಕೂಗ್ತಿದ್ದೆ. ಅದಕ್ಕೇನೂ ನಂಗೆ ಬೇಜಾರಿರಲಿಲ್ಲ ಕಣೋ. ನಿನಗಿಂತ ಮುಂಚೆ ನಾನೇ ಕಿಟಕೀಲಿ ನಿಂತು ಪೋಸ್ಟ್‌ಮ್ಯಾನ್‌ನ ಕೈ ನೋಡಿರ್ತಿದ್ದೆ. ಆ ಸೀರೇನೂ ಮೂರು ತಿಂಗಳು ವಾಪಸ್ ಕೊಟ್ಟಿರಲಿಲ್ಲ, ಮತ್ತೆ ಕರೆದ್ರೆ ಬೇಕಾಗ್ತದೆ ಅಂತ."

ಹೆಬ್ಬೂರಿನಲ್ಲಿ ಬಸ್ಸು ನಿಂತಿತು. ನಾಲ್ಕು ಜನ ಇಳಿದರು, ಆರು ಜನ ಹತ್ತಿದರು. ನನಗೆ ತಲೆ ಎತ್ತಿ ಆ ಕಡೆ ನೋಡಲು ಆಗಲಿಲ್ಲ.